ಒಂಬತ್ತನೇ ಕಲ್ಲಿನ ಕೊಟ್ರಪ್ಪ

ಒಂದು ಕಾಲಕ್ಕೆ ರಾಣೇಬೆನ್ನೂರಿನ ಪೇಟೆಯಲ್ಲಿ ಕೊಟ್ರಪ್ಪನ ಹೆಸರು ಕಣ್ಣಿಗೆ ಬೀಳದೆ ಯಾರೂ ಒಂದು ಓಣಿ ದಾಟುವ ಹಾಗಿರಲಿಲ್ಲ. ಕಿರಾಣಿ ಅಂಗಡಿ, ಬೀಜದ ಅಂಗಡಿ, ದವಾಖಾನೆ, ಶಾಲೆ, ಲಾರಿಯ ಹಿಂಬದಿ, ಎಲ್ಲ ಕಡೆ ಬಲಗಡೆಯ ಕೆಳಮೂಲೆಯಲ್ಲಿ ಓರೆಯಾಗಿ ‘ಕೊಟ್ರಪ್ಪ ಆರ್ಟ್ಸ್’ ಎಂದು ಇರುತ್ತಿತ್ತು. ಕೆಲವು ಬೋರ್ಡುಗಳಲ್ಲಿ ಅಂಗಡಿಯ ಹೆಸರಿಗಿಂತ ಆ ಮೂಲೆಯೇ ಚೆಂದ ಕಾಣುತ್ತಿತ್ತು.

ನನ್ನದು ಹಲಗೇರಿ ರಸ್ತೆಯಲ್ಲಿ ಬಣ್ಣದ ಅಂಗಡಿ. ಅದರ ಬೋರ್ಡನ್ನೂ ಅವನೇ ಬರೆದ. ‘ಶಶಿಕಾಂತ ಪೇಂಟ್ಸ್’ ಎಂಬುದರ ಕೆಳಗೆ ತನ್ನ ಹೆಸರನ್ನು ಎಷ್ಟು ದಪ್ಪಗೆ ಬರೆದನೆಂದರೆ, ಮೊದಲ ಆರು ತಿಂಗಳು ಗಿರಾಕಿಗಳು ನನ್ನನ್ನೇ ಕೊಟ್ರಪ್ಪ ಎಂದು ಕರೆಯುತ್ತಿದ್ದರು. ನನಗೆ ಸಿಟ್ಟು ಬಂದು ಜಗಳಕ್ಕೆ ಹೋದೆ.

“ಅಂಗಡಿ ನಂದು, ಹೆಸರ ನಿಂದು. ಇದೇನ್ ನ್ಯಾಯ ಕೊಟ್ರಣ್ಣ?”

ಅವನು ಕಿವಿಯ ಸಂದಿಯಿಂದ ಬ್ರಶ್ಶು ತೆಗೆದು, ಅದರ ತುದಿಯನ್ನು ನೋಡುತ್ತ, “ಬರದಾಂವನ ಹೆಸರ ಕಾಣಬೇಕೋ ಶಶಿ. ಅಂಗಡಿ ಇವತ್ತ ಇರ್ತೈತಿ, ನಾಳೆ ಮುಚ್ಚತೈತಿ. ಅಕ್ಷರ ಹಂಗಲ್ಲ” ಎಂದ. ಅಂಗಡಿ ತೆರೆದು ಆರು ತಿಂಗಳಾದವನಿಗೆ ಹೇಳುವ ಮಾತೇ ಇದು? ಆದರೂ ನಮ್ಮ ಗೆಳೆತನ ಅಲ್ಲಿಂದಲೇ ಶುರುವಾಯಿತು.

ಕೊಟ್ರಪ್ಪ ಕಡ್ಡಿಯಂಥ ಮನುಷ್ಯ. ಅಕ್ಷರದ ವಿಷಯದಲ್ಲಿ ಮಾತ್ರ ಅವನಷ್ಟು ಜಂಬದವನನ್ನು ನಾನು ನೋಡಿಲ್ಲ. ಸ್ಕೇಲು ಮುಟ್ಟುತ್ತಿರಲಿಲ್ಲ. ಸುಣ್ಣ ಸವರಿದ ದಾರವನ್ನು ಎರಡು ಕಡೆ ಬಿಗಿದು ಒಮ್ಮೆ ಮಿಡಿದರೆ ಗೆರೆ ಮೂಡುತ್ತಿತ್ತು. ಅದರ ಮೇಲೆ ಕೂತ ಅಕ್ಷರ ಅಲ್ಲಾಡುತ್ತಿರಲಿಲ್ಲ. ತಾನು ಬರೆದದ್ದರಲ್ಲಿ ಒಂದೇ ಒಂದು ತಪ್ಪು ತೋರಿಸಿದರೆ ಅವತ್ತೇ ಬ್ರಶ್ಶು ಹೊಳೆಗೆ ಎಸೆಯುತ್ತೇನೆ ಎಂದು ಊರಿಗೆಲ್ಲ ಸವಾಲು ಹಾಕಿದ್ದ. ಯಾರೂ ತೋರಿಸಲಿಲ್ಲ.

ಎರಡು ಸಾವಿರದ ನಾಲ್ಕರ ಸುಮಾರಿಗೆ ಫ್ಲೆಕ್ಸ್ ಬಂತು. ಮುಂಜಾನೆ ಹೇಳಿದರೆ ಸಂಜೆಗೆ ಬೋರ್ಡು, ಅದರಲ್ಲಿ ಮಾಲೀಕನ ಫೋಟೋ ಬೇರೆ. ಎರಡೇ ವರ್ಷದಲ್ಲಿ ಕೊಟ್ರಪ್ಪನ ಬೋರ್ಡುಗಳು ಒಂದೊಂದಾಗಿ ಇಳಿದವು. ಕೆಲವನ್ನು ತಿರುವಿ ದನದ ಕೊಟ್ಟಿಗೆಗೆ ಮರೆ ಕಟ್ಟಿದರು. ಪೇಟೆಯಲ್ಲಿ ನಡೆಯುವಾಗ ಅವನು ಮೊದಲಿನ ಹಾಗೆ ಮೇಲೆ ನೋಡುತ್ತಿರಲಿಲ್ಲ, ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದ. ನನ್ನ ಬೋರ್ಡನ್ನು ಮಾತ್ರ ನಾನು ಇಳಿಸಲಿಲ್ಲ. ಬಣ್ಣ ಮಾರುವವನು ಫ್ಲೆಕ್ಸ್ ಹಾಕಿದರೆ ಜನ ನಗುವುದಿಲ್ಲವೇ?

ಉಳಿದದ್ದು ಒಂದೇ ಕೆಲಸ, ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳು. ಅದನ್ನು ಅವನು ಎಂಬತ್ತೈದರಿಂದ ಮಾಡುತ್ತ ಬಂದಿದ್ದ. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಗುತ್ತಿಗೆದಾರ ಹೇಳಿಕಳಿಸುತ್ತಿದ್ದ. ಕೊಟ್ರಪ್ಪ ಸೈಕಲ್ಲಿಗೆ ಡಬ್ಬಿಗಳನ್ನು ನೇತುಹಾಕಿಕೊಂಡು ಹಲಗೇರಿ ದಾಟಿ ಬ್ಯಾಡಗಿಯ ಕಡೆ ಹೋಗುವ ಸಣ್ಣ ರಸ್ತೆಗೆ ಇಳಿಯುತ್ತಿದ್ದ. ಮೈಗೆ ಬಿಳಿ, ತಲೆಗೆ ಕಪ್ಪು, ನಡುವೆ ಊರು ಮತ್ತು ಅಂಕಿ. ದಿನಕ್ಕೆ ಆರೇಳು ಕಲ್ಲು.

ಆ ಕಲ್ಲುಗಳ ಪೈಕಿ ಕರೇಕಟ್ಟಿ ಎಂಬ ಹಳ್ಳಿಯ ಹತ್ತಿರದ ಒಂಬತ್ತನೆಯದು ಬೇರೆ ಥರ. ಉಳಿದವು ಮೊಣಕಾಲೆತ್ತರದ ಸಿಮೆಂಟಿನವು. ಇದು ಎದೆಯೆತ್ತರದ ಕರಿಕಲ್ಲು, ಅಗಲವೂ ಹೆಚ್ಚು. ಹಿಂದಿನ ಹೊಲದ ಬದುವಿಗೆ ಬೆನ್ನು ಕೊಟ್ಟು ಮಣ್ಣಿನಲ್ಲಿ ಅರ್ಧ ಹೂತು ಕೂತಿತ್ತು. ಅದು ಜಾಗದಲ್ಲೂ ತಪ್ಪಿತ್ತು. ಹತ್ತನೇ ಕಲ್ಲಿನಿಂದ ಅದಕ್ಕೆ ಬರಲು ಪೆಡಲು ಕಡಿಮೆ ಬೀಳುತ್ತಿತ್ತು, ಅದರಿಂದ ಎಂಟನೆಯದಕ್ಕೆ ಹೋಗಲು ಜಾಸ್ತಿ. ಯಾವ ಕಾಲದ ಯಾವ ಮೇಸ್ತ್ರಿಯೋ, ನಿಂತ ಕಲ್ಲೊಂದು ಸಿಕ್ಕಿತೆಂದು ಅಂಕಿ ಬರೆಸಿ ಕೈತೊಳೆದುಕೊಂಡಿದ್ದ. ಇದು ಕೊಟ್ರಪ್ಪನ ಕಾಲಿಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ.

“ಬರೀ ಅಂದ್ರ ಬರೀತೇನಿ. ರಸ್ತಾ ಅಳಿಯೋದು ನನ್ನ ಕೆಲಸಲ್ಲ” ಎನ್ನುತ್ತಿದ್ದ.

ಉಳಿದ ಕಲ್ಲುಗಳ ಮೇಲೆ ಊರು, ಅಂಕಿ ಬರೆದರೆ ಜಾಗ ಮುಗಿಯುತ್ತಿತ್ತು. ಒಂಬತ್ತನೆಯದರ ಮೇಲೆ ‘ಬ್ಯಾಡಗಿ ೯’ ಎಂದು ಬರೆದ ಮೇಲೂ ಒಂದು ಮೊಳ ಖಾಲಿ. ಖಾಲಿ ಜಾಗ ಕಂಡರೆ ಕೊಟ್ರಪ್ಪನ ಕೈ ಸುಮ್ಮನಿರುತ್ತದೆಯೇ? ಕೆಳಗೆ ದುಂಡಗೆ ‘ಕೊಟ್ರಪ್ಪ’ ಎಂದು ಬರೆದ. ಗುತ್ತಿಗೆದಾರ ಆ ಕಡೆ ಬಂದವನೇ ಅಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷ ಅದೇ ಹೆಸರು ಅದೇ ಜಾಗದಲ್ಲಿ ಹೊಸ ಬಣ್ಣ ಕಂಡಿತು.

ಆ ಕಲ್ಲಿನ ಒಂದು ಕಾಟವನ್ನು ಮಾತ್ರ ಅವನು ವರ್ಷವೂ ನನ್ನ ಅಂಗಡಿಗೆ ಬಂದು ಹೇಳಿಕೊಳ್ಳುತ್ತಿದ್ದ. ಕರೇಕಟ್ಟಿಯಲ್ಲಿ ಹೊಳಿಯವ್ವ ಎಂಬ ಮುದುಕಿ ಇದ್ದಳು. ರಸ್ತೆಗೆ ಹತ್ತಿಕೊಂಡೇ ಅವಳ ಹೊಲ, ಮನೆಯಲ್ಲಿ ಎರಡು ಎಮ್ಮೆ. ಎಮ್ಮೆ ಈದಾಗ ಗಿಣ್ಣದ ಹಾಲನ್ನು ಮೊದಲು ಆ ಕಲ್ಲಿನ ತಲೆಗೆ ಎರೆಯಬೇಕು. ಆಮೇಲೆಯೇ ಮನೆಯಲ್ಲಿ ಗಿಣ್ಣ ಕಾಸುವುದು. ಅವಳನ್ನು ನೋಡಿ ಊರಿನ ಉಳಿದವರೂ ಹಾಗೆಯೇ ಮಾಡುತ್ತಿದ್ದರು. ಹಾಲು ಒಣಗಿ, ಅದರ ಮೇಲೆ ಅರಿಷಿಣ ಕುಂಕುಮ ಮೆತ್ತಿ, ಬಣ್ಣ ಪದರು ಪದರಾಗಿ ಏಳುತ್ತಿತ್ತು. ಕೊಟ್ರಪ್ಪ ಕಬ್ಬಿಣದ ಪಟ್ಟಿಯಿಂದ ಅದನ್ನು ಕೆರೆದು ಕೆರೆದು ಸುಸ್ತಾಗುತ್ತಿದ್ದ. ಹೊಳಿಯವ್ವ ಹೊಲದಲ್ಲಿ ಕಂಡರೆ ಜಗಳ ತಪ್ಪುತ್ತಿರಲಿಲ್ಲ.

“ಯವ್ವಾ, ಇದು ಸರ್ಕಾರಿ ಕಲ್ಲೈತಿ. ಇದಕ್ಯಾಕ ಹಾಲ ಹೊಯ್ತೀರಿ?”

“ಏ ಬಣ್ಣದಾಂವಾ, ನೀ ನಿನ್ನ ಬಣ್ಣಾ ಹಚ್ಚು, ನಾ ನನ್ನ ಹಾಲ ಹೊಯ್ತೇನಿ. ಅಜ್ಜ ಎರಡೂ ಬ್ಯಾಡ ಅಂದಿಲ್ಲ.”

ಅವಳಿಗೆ ಅವನ ಹೆಸರು ಗೊತ್ತಿರಲಿಲ್ಲ. ಕೇಳುವ ಅಗತ್ಯವೂ ಅವಳಿಗೆ ಬಂದಿರಲಿಲ್ಲ. ಯಾವ ಅಜ್ಜ ಎಂದು ಅವನೂ ಕೇಳಲಿಲ್ಲ.

ಎರಡು ಸಾವಿರದ ಏಳರಲ್ಲಿ ಆ ರಸ್ತೆಯನ್ನು ಅಗಲ ಮಾಡುವ ಕೆಲಸ ಬಂತು. ಹಳೇ ಕಲ್ಲುಗಳನ್ನು ಕಿತ್ತು ಹೊಸವನ್ನು ನೆಡಬೇಕು, ಹೊಸದಕ್ಕೆ ಕೊಟ್ರಪ್ಪ ಬರೆಯಬೇಕು. ಡಬ್ಬಿಗಳು ಹೆಚ್ಚಿದ್ದರಿಂದ ನಾನೇ ನನ್ನ ಸ್ಕೂಟರಿನಲ್ಲಿ ಅವನನ್ನು ಕೂರಿಸಿಕೊಂಡು ಹೋದೆ. ನಾವು ಕರೇಕಟ್ಟಿ ಮುಟ್ಟುವ ಹೊತ್ತಿಗೆ ಜೆಸಿಬಿ ಒಂಬತ್ತನೇ ಕಲ್ಲಿಗೆ ಕೈ ಹಾಕಿತ್ತು. ಕಲ್ಲು ಬದುವಿನಿಂದ ಕಳಚಿ ಮೆಲ್ಲಗೆ ಮಗ್ಗುಲಾಗಿ ರಸ್ತೆಯ ಮೇಲೆ ಮಲಗಿತು. ಬಣ್ಣದ ಮುಖ ಕೆಳಗೆ, ಇಷ್ಟು ದಿನ ಬದುವಿನ ಮಣ್ಣಿನಲ್ಲಿ ಹುದುಗಿದ್ದ ಮುಖ ಮೇಲೆ.

ಜೆಸಿಬಿಯ ಡ್ರೈವರ್ ರಹಿಮಾನಸಾಬ ಇಣುಕಿ ನೋಡಿದವನೇ ಗಾಡಿ ಬಂದ್ ಮಾಡಿ ಕೆಳಗೆ ಇಳಿದ.

“ಇದರಾಗ ಮಂದಿ ಅದಾರಲ್ರಿ!” ಎಂದ.

ಖರೇ ಇದ್ದರು. ಮಣ್ಣು ಒರೆಸಿದಂತೆ ಒಬ್ಬೊಬ್ಬರೇ ಹೊರಗೆ ಬಂದರು. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದ ಒಬ್ಬ ಗಂಡಸು, ಅವನ ಎದುರಿಗೆ ಕುದುರೆಯವರು, ಬೆನ್ನ ಹಿಂದೆ ಗುಂಪಾಗಿ ನಿಂತ ದನಗಳು. ನಡುವಿನ ಸಾಲಿನಲ್ಲಿ ಅದೇ ಗಂಡಸನ್ನು ಇಬ್ಬರು ಹೆಂಗಸರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದರು. ಎಲ್ಲಕ್ಕೂ ಮೇಲೆ ಲಿಂಗ, ಸೂರ್ಯ, ಚಂದ್ರ, ಒಂದು ಆಕಳು, ಅದರ ಕೆಚ್ಚಲಿಗೆ ಬಾಯಿ ಹಾಕಿದ ಕರು. ಅಕ್ಷರ ಮಾತ್ರ ಒಂದೂ ಇರಲಿಲ್ಲ.

ನಾನು ಕೊಟ್ರಪ್ಪನ ಮುಖ ನೋಡಿದೆ. ಇಪ್ಪತ್ತೆರಡು ವರ್ಷ ತಾನು ಯಾವುದರ ಬೆನ್ನಿನ ಮೇಲೆ ದೂರ ಬರೆಯುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆದಿತ್ತು. ಬ್ರಶ್ಶು ಕಿವಿಯಿಂದ ಜಾರಿ ಬಿದ್ದರೂ ಎತ್ತಿಕೊಳ್ಳಲಿಲ್ಲ.

ಸುದ್ದಿ ತಿಳಿದು ಮರುದಿನ ಹಾವೇರಿಯಿಂದ ಸ್ನೇಹಾ ಎಂಬ ಅಧಿಕಾರಿ ಬಂದರು. ಹಳೆಯ ಕಲ್ಲುಗಳನ್ನು ನೋಡಿ ಪಟ್ಟಿ ಮಾಡುವುದು ಅವರ ಕೆಲಸ. ಸಣ್ಣ ವಯಸ್ಸು, ದೊಡ್ಡ ಟೋಪಿ. ಕಲ್ಲಿನ ಪಕ್ಕ ಮಣ್ಣಿನಲ್ಲೇ ಮಂಡಿಯೂರಿ ಕೂತು ಮೆತ್ತಗಿನ ಬ್ರಶ್ಶಿನಿಂದ ಒರೆಸಿದರು. ಅಷ್ಟು ಮೆತ್ತಗೆ ಬ್ರಶ್ಶು ಆಡಿಸುವವರನ್ನು ಕಂಡು ಕೊಟ್ರಪ್ಪನಿಗೆ ಅಲ್ಲಿಯೇ ಗೌರವ ಹುಟ್ಟಿತು.

“ಇದು ವೀರಗಲ್ಲು. ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ, ದನ ಉಳಿಸಿ, ತಾನು ಸತ್ತವನದು. ಏಳೆಂಟು ನೂರು ವರ್ಷ ಹಳೆಯದಿರಬಹುದು” ಎಂದರು. ಆಮೇಲೆ ಸುತ್ತ ನಿಂತವರ ಕಡೆ ತಿರುಗಿ, “ಅಕ್ಷರ ಇಲ್ಲ. ಇವನ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?” ಎಂದು ಕೇಳಿದರು.

ಹೊಳಿಯವ್ವ ಮುಂದೆ ಬಂದಳು. “ಗೊತ್ತಿಲ್ದ ಏನ್ರಿ ಮ್ಯಾಡಮ್ಮಾರ? ಕೊಟ್ರಪ್ಪಜ್ಜ.”

“ಹೌದ್ರಿ, ಕೊಟ್ರಪ್ಪಜ್ಜ” ಎಂದು ಇಡೀ ಊರು ದನಿಗೂಡಿಸಿತು.

ನನಗೆ ನಗು ಉಕ್ಕಿ ಬಂತು. ಕೆಮ್ಮಿದ ಹಾಗೆ ಮಾಡಿ ಕರವಸ್ತ್ರ ಬಾಯಿಗೆ ಒತ್ತಿಕೊಂಡೆ. ಕೊಟ್ರಪ್ಪ ಮಾತ್ರ ಕಲ್ಲಿನ ಹಾಗೆ ನಿಂತಿದ್ದ. ವಿಷಯ ಇಷ್ಟೇ. ಏಳೆಂಟು ವರ್ಷದ ಹಿಂದೆ ಹೊಳಿಯವ್ವನ ಮೊಮ್ಮಗಳು ಅಂಜಲಿ ಎರಡನೇ ಇಯತ್ತೆಯಲ್ಲಿ ಹೊಸದಾಗಿ ಓದಲು ಕಲಿತು, ದಾರಿಯಲ್ಲಿ ಕಂಡಿದ್ದನ್ನೆಲ್ಲ ಓದುತ್ತ ಬಂದವಳು ಈ ಕಲ್ಲನ್ನೂ ಓದಿದ್ದಳು. ಮೇಲಿನ ‘ಬ್ಯಾಡಗಿ’ ಸರ್ಕಾರದ್ದು, ಕೆಳಗಿನ ‘ಕೊಟ್ರಪ್ಪ’ ಅಜ್ಜನದು ಎಂದು ಅಜ್ಜಿ ತೀರ್ಮಾನ ಮಾಡಿದ್ದಳು. ಕೊಟ್ಟೂರು ಸ್ವಾಮಿಯ ಹೆಸರಾದ್ದರಿಂದ ಊರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅಂದಿನಿಂದ ಕೊಟ್ರಪ್ಪಜ್ಜನಿಗೆ ಹಾಲು ಏರುತ್ತಿತ್ತು. ನಮ್ಮ ಕೊಟ್ರಪ್ಪ ಅದನ್ನೇ ಬೈದುಕೊಂಡು ಕೆರೆದು ತೆಗೆಯುತ್ತಿದ್ದ.

ಸ್ನೇಹಾ ಅವರ ಮುಖ ಅರಳಿತು. “ಇಷ್ಟು ವರ್ಷ ಆದರೂ ಹೆಸರು ಜನರ ಬಾಯಲ್ಲಿ ಉಳಿದಿದೆ, ನೋಡಿ! ಹಾವೇರಿಯ ನಮ್ಮ ಕಚೇರಿಯ ಅಂಗಳದಲ್ಲಿ ಇಂಥ ಕಲ್ಲು ಸಾಲಾಗಿ ಇವೆ, ಒಂದಕ್ಕೂ ಹೆಸರಿಲ್ಲ. ಅನಾಥ ಕಲ್ಲಾಗಿದ್ದರೆ ಇದನ್ನೂ ಅಲ್ಲಿಗೇ ಸಾಗಿಸಬೇಕಿತ್ತು. ಹೆಸರು, ನಡೆದುಕೊಳ್ಳುವ ಜನ ಎರಡೂ ಇರುವಾಗ ಇಲ್ಲೇ ನಿಲ್ಲಿಸಬಹುದು. ಪಕ್ಕದಲ್ಲಿ ಒಂದು ಬೋರ್ಡು ಹಾಕೋಣ. ಬರೆಯುವವರು ಯಾರಾದರೂ ಇದ್ದಾರಾ?”

“ಇಂವ ಅದಾನ್ರಿ” ಎಂದು ರಹಿಮಾನಸಾಬ ಕೊಟ್ರಪ್ಪನನ್ನು ಮುಂದಕ್ಕೆ ತಳ್ಳಿದ. ಅವನ ಹೆಸರನ್ನು ಯಾರೂ ಕೇಳಲಿಲ್ಲ. ಒಂದು ವಾರದಲ್ಲಿ ಬೋರ್ಡು ಆಗಬೇಕೆಂದು ಹೇಳಿ ಅವರು ಹೊರಟರು.

ದಾರಿಯುದ್ದಕ್ಕೂ ನಾನು ಅವನನ್ನು ಕಾಡಿದೆ. “ವೀರ ಕೊಟ್ರಪ್ಪ! ಕತ್ತಿ ಎಲ್ಲಿಟ್ಟೀಯಪ್ಪಾ? ಬ್ರಶ್ಶಿನಾಗ ಅಡಗಿಸಿ ಇಟ್ಟೀಯೇನ?” ಎಂದೆ.

ಬೋರ್ಡನ್ನು ಅವನು ನನ್ನ ಅಂಗಡಿಯ ಕಟ್ಟೆಯ ಮೇಲೆಯೇ ಬರೆದ. ತಗಡಿಗೆ ನೀಲಿ ಬಳಿದು, ದಾರ ಮಿಡಿದು, ‘ದನಗಳನ್ನು ಉಳಿಸಲು ಹೋರಾಡಿ ಮಡಿದ ವೀರ’ ಎಂಬಲ್ಲಿಯವರೆಗೆ ಒಂದೇ ಬೆಳಗಿನಲ್ಲಿ ಬಂದ. ಅಲ್ಲಿಗೆ ನಿಂತ. ಮರುದಿನ ಬಂದು ಎದುರಿಗೆ ಕೂತು ಚಹಾ ಕುಡಿದು ಹೋದ. ಅದರ ಮರುದಿನವೂ ಅಷ್ಟೇ.

“ಹೆಸರ ಬರಿ, ಮುಗಿತು. ನಿನ್ನ ಹೆಸರ ನಿನಗ ಬರಿಯಾಕ ಬರೂದಿಲ್ಲೇನ?” ಎಂದೆ.

“ಶಶಿ, ಪೇಟ್ಯಾಗ ನನ್ನ ಹೆಸರ ಎಷ್ಟ ಕಡೆ ಉಳದೈತಿ, ಹೇಳು.”

ನಾನು ನನ್ನ ಅಂಗಡಿಯ ಬೋರ್ಡಿನ ಕಡೆ ಕೈ ತೋರಿಸಿದೆ.

“ಅದೊಂದ. ಇಲ್ಲಿ ಬರದ್ರ ನಾ ಸತ್ತ ಮ್ಯಾಲೂ ಮಂದಿ ನಿಂತು ಓದ್ತಾರ, ಕೈ ಮುಗಿತಾರ. ಆಶಾ ಆಗಾಕತ್ತೈತಿ, ಖರೇ ಹೇಳತೇನಿ. ಬರೀಲಿಲ್ಲಂದ್ರ ಕಲ್ಲ ಹಾವೇರಿಗೆ ಹೋಗತೈತಿ, ಆ ಮುದುಕಿ ಹಾಲ ಹಿಡ್ಕೊಂಡು ಎಲ್ಲಿ ಹೋಗಬೇಕು? ಬರದ್ರ...” ಎಂದು ನಿಲ್ಲಿಸಿ, ಬಣ್ಣದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡ. “ಬರದ್ರ ಸತ್ತಾಂವ ಇನ್ನೊಮ್ಮೆ ಸತ್ತಂಗ.”

ಇನ್ನೊಂದು ಚಹಾ ತರಿಸಿದೆ.

ವಾರ ತುಂಬಿದ ದಿನ ಹೆಸರಿನ ಜಾಗ ಖಾಲಿ ಇಟ್ಟೇ ಬೋರ್ಡನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋದೆವು. ಸ್ನೇಹಾ ಬಂದಿದ್ದರು. ಊರವರು ಬದುವಿನ ಹತ್ತಿರ ಹೊಸ ಕಟ್ಟೆ ಕಟ್ಟಿದ್ದರು. ಕಲ್ಲು ಇನ್ನೂ ನೆಲದ ಮೇಲೆ ಮಲಗಿತ್ತು. ಅದೇ ಹೊತ್ತಿಗೆ ಹೊಳಿಯವ್ವ ಹಿತ್ತಾಳೆಯ ತಂಬಿಗೆ ಹಿಡಿದು ಬಂದಳು. ಹಿಂದಿನ ದಿನ ಅವಳ ಎಮ್ಮೆ ಈದಿತ್ತು. ಕಲ್ಲಿನ ಹತ್ತಿರ ಕೂತು ಹಳದಿ ಬಣ್ಣದ ಗಟ್ಟಿ ಹಾಲನ್ನು ಮೆಲ್ಲಗೆ ಎರೆಯುತ್ತ, “ಕೊಟ್ರಪ್ಪಜ್ಜಾ, ಎಮ್ಮಿ ಕರಾ ಎರಡೂ ಛಲೋ ಇರಲಿ. ನಿನ್ನ ನೆರಳಾಗ ಮನಿ ತಣ್ಣಗಿರಲಿ” ಎಂದಳು.

ಕೊಟ್ರಪ್ಪನಿಗೆ ತಡೆಯಲಾಗಲಿಲ್ಲ. “ಯವ್ವಾ, ಬ್ಯಾಡ್ರಿ. ಆ ಹೆಸರ ಕರೀಬ್ಯಾಡ್ರಿ” ಎಂದ.

ಆಮೇಲೆ ಅವನೇ ಹಾರೆ ಹಾಕಿದ. ನಾನು, ರಹಿಮಾನಸಾಬ, ಇನ್ನಿಬ್ಬರು ಕೈ ಜೋಡಿಸಿದೆವು. ಕಲ್ಲು ಮಗ್ಗುಲಾಗಿ ನಿಂತಿತು. ಹಿಂದಿನ ಮುಖದಲ್ಲಿ ಬಿಳಿ ಬಣ್ಣ, ‘ಬ್ಯಾಡಗಿ ೯’, ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಕೊಟ್ರಪ್ಪ’.

“ಇದು ನಾ ಬರದದ್ರಿ ಮೇಡಂ. ಕೊಟ್ರಪ್ಪ ಅಂದ್ರ ನಾನು. ಬೋರ್ಡ್ ಪೇಂಟರ್. ಜಾಗಾ ಖಾಲಿ ಐತಿ ಅಂತ ನನ್ನ ಹೆಸರ ಬರಕೊಂಡಿದ್ದೆ. ಈ ಅಜ್ಜನ ಹೆಸರ ಏನೈತೋ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಇಪ್ಪತ್ತೆರಡ ವರ್ಷ ತಪ್ಪು ಬರದೇನಿ.”

ಈಗ ಹೈಸ್ಕೂಲಿಗೆ ಹೋಗುವ ಅಂಜಲಿ ಅಜ್ಜಿಯ ಸೆರಗಿನ ಹಿಂದೆ ಸರಿದು, “ನಾನ ಓದಿ ಹೇಳಿದ್ನಿ” ಎಂದು ಪಿಸುಗುಟ್ಟಿದಳು. ಸ್ನೇಹಾ ತಮ್ಮ ಪುಸ್ತಕ ತೆರೆದು, ಹೆಸರು ಬರೆದಿದ್ದ ಸಾಲಿನ ಮೇಲೆ ಗೆರೆ ಎಳೆದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

“ಹಾಗಾದರೆ ಇದಕ್ಕೂ ಹೆಸರಿಲ್ಲ” ಎಂದರು. “ಹಾವೇರಿಗೆ...”

“ತಡಿಯವ್ವಾ” ಎಂದಳು ಹೊಳಿಯವ್ವ. ಕೊಟ್ರಪ್ಪನ ಮೇಲೆ ರೇಗುತ್ತಾಳೆ ಎಂದುಕೊಂಡಿದ್ದೆ. ಅವಳು ಅವನ ಕಡೆ ನೋಡಲೂ ಇಲ್ಲ. “ನಾ ಈ ಮನಿಗೆ ಸೊಸಿ ಆಗಿ ಬಂದಾಗ ಈ ಬಣ್ಣದಾಂವ ಇನ್ನಾ ತೊಟ್ಟಲದಾಗ ಇದ್ನೇನೋ. ಆಗ ನಮ್ಮತ್ತಿ ಇದಕ್ಕ ಹಾಲ ಎರೀತಿದ್ಲು. ಅಕಿ ಅತ್ತೀನೂ ಎರದಾಳ. ಹೆಸರ ಹಿಡದು ಯಾರೂ ಕರದಿಲ್ಲ, ಬರೇ ಅಜ್ಜ. ದನಾ ಈದ್ರ ಮೊದಲ ಅಜ್ಜಗ, ಆಮ್ಯಾಲ ನಮಗ. ಯಾಕ ಅಂತ ನಾ ಕೇಳಿಲ್ಲ, ಅಕೀನೂ ಹೇಳಿಲ್ಲ. ಈಗ ನೀನ ಹೇಳಿದ್ಯಲ್ಲ ಮಗಳ, ದನಾ ಉಳಿಸಿ ಸತ್ತಾಂವ ಅಂತ?”

ಸ್ನೇಹಾ ತಲೆಯೆತ್ತಿದರು. ಹಾಲು ಕಲ್ಲಿನ ಮೇಲೆ ಹರಿದು, ಕೆಚ್ಚಲಿಗೆ ಬಾಯಿ ಹಾಕಿದ ಕರುವಿನ ಸಂದಿಯಲ್ಲಿ ಇನ್ನೂ ಅಂಟಿಕೊಂಡಿತ್ತು. ಅವರು ಬಗ್ಗಿ ಅದನ್ನು ನೋಡಿದರು. ಕೆತ್ತನೆ ಮಣ್ಣಲ್ಲಿ ಹುದುಗಿತ್ತು, ಕಂಡವರಿರಲಿಲ್ಲ. ಆದರೂ ದನ ಉಳಿಸಿದವನಿಗೆ ದನದ ಮೊದಲ ಹಾಲು ತಪ್ಪದೆ ಸಂದಿತ್ತು. ಓದು ಬಾರದ ಹೆಂಗಸರು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ದಾಟಿಸಿದ್ದರು. ಮುಚ್ಚಿಟ್ಟು ಪ್ರಯೋಜನವಿಲ್ಲ, ಕರವಸ್ತ್ರ ಈ ಸಲ ನಗು ತಡೆಯಲು ಹೊರಬರಲಿಲ್ಲ.

“ಇಲ್ಲೇ ಇರಲಿ” ಎಂದರು ಸ್ನೇಹಾ. “ಹೆಸರಿಗಿಂತ ಇದು ದೊಡ್ಡದು. ನಾನು ಬರೆದು ಕೊಡುತ್ತೇನೆ.” ಆಮೇಲೆ ಕೊಟ್ರಪ್ಪನಿಗೆ, “ನೀವು ಬೋರ್ಡು ಮುಗಿಸಿ” ಎಂದರು.

ಕೊಟ್ರಪ್ಪ ಮೊದಲು ತನ್ನ ಕಬ್ಬಿಣದ ಪಟ್ಟಿ ತೆಗೆದು ಕಲ್ಲಿನ ಬೆನ್ನಿನಿಂದ ತನ್ನ ಹೆಸರನ್ನು ಕೆರೆದ. ಇಪ್ಪತ್ತೆರಡು ಪದರು. ಇಷ್ಟು ವರ್ಷ ಹಾಲು ಕೆರೆದವನು ಆ ದಿನ ಬಣ್ಣ ಕೆರೆದ. ಹೊಳಿಯವ್ವ ಪಕ್ಕದಲ್ಲಿ ನಿಂತು, “ಇನ್ನಾ ಐತಿ ನೋಡು, ಮೂಲ್ಯಾಗ” ಎಂದು ತೋರಿಸುತ್ತಿದ್ದಳು. ಅದಾದ ಮೇಲೆ ಮರದ ಕೆಳಗೆ ಕೂತು ಬೋರ್ಡು ಮುಗಿಸಿದ.

ಕಲ್ಲು ಈಗ ಕಟ್ಟೆಯ ಮೇಲೆ ಕೆತ್ತನೆಯ ಮುಖವನ್ನು ರಸ್ತೆಗೆ ಕೊಟ್ಟು ನಿಂತಿದೆ. ಒಂಬತ್ತರ ಅಂಕಿ ಹೊತ್ತ ಹೊಸ ಸಿಮೆಂಟಿನ ಕಲ್ಲು ಮುನ್ನೂರು ಮೀಟರ್ ಮುಂದೆ, ತನ್ನ ನಿಜವಾದ ಜಾಗಕ್ಕೆ ಹೋಯಿತು. ರಾತ್ರಿ ಬೆಳಗಾಗುವುದರಲ್ಲಿ ಬ್ಯಾಡಗಿ ತಮಗೆ ದೂರವಾಯಿತೆಂದು ಕರೇಕಟ್ಟಿಯ ಗಂಡಸರು ಚಹಾದ ಅಂಗಡಿಯಲ್ಲಿ ಎರಡು ತಿಂಗಳು ಗೊಣಗಿದರು.

ಬೋರ್ಡಿನ ಮೇಲೆ ಇರುವುದು ಇಷ್ಟು: ‘ದನಗಳನ್ನು ಉಳಿಸಲು ಹೋರಾಡಿ ಮಡಿದ ವೀರನ ಕಲ್ಲು. ಹೆಸರು ತಿಳಿದಿಲ್ಲ. ಊರವರು ಇಂದಿಗೂ ಗಿಣ್ಣದ ಹಾಲು ಎರೆಯುತ್ತಾರೆ.’ ಕೊಟ್ರಪ್ಪ ಬರೆದವುಗಳಲ್ಲೆಲ್ಲ ಅಷ್ಟು ಚೆಂದದ ಅಕ್ಷರ ನಾನು ನೋಡಿಲ್ಲ. ಕಟ್ಟೆಯ ಪಕ್ಕ ಅದನ್ನು ನೆಟ್ಟ ಮೇಲೆ ನಾನು ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದೆ. ಬಲಗಡೆಯ ಕೆಳಮೂಲೆಯಲ್ಲಿ ಬರೀ ನೀಲಿ ಇತ್ತು.

“ಕೊಟ್ರಣ್ಣ, ಮೂಲಿ ಖಾಲಿ ಬಿಟ್ಟೀಯಲ್ಲ? ಹೆಸರ ಬರಿಯೋದು ಮರತಿಯೇನ?”

ಅವನು ಬ್ರಶ್ಶು ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

“ಅವಂದ ಇಲ್ಲ. ನಂದ್ಯಾಕ?”